ದೋಣಿ ಒಡೆದಾಗ ಸರ್ವೇಯರ್‌ಗೆ ಮೊದಲು ಕಾರಣ ತೋರಿಸಿ

ಮಾನ್ಯ ಸಂಪಾದಕರೇ,

ನಮ್ಮ ಹಿನ್ನೀರುಗಳಲ್ಲಿ ದೋಣಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎರಡು ಕಾಲದಲ್ಲಿ. ಬೇಸಿಗೆಯ ಕೊನೆಗೆ ಶರಾವತಿ ಹಿನ್ನೀರು ಇಳಿದಂತೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ನೀರಿನಿಂದ ಹೊರಗೆ ಕಾಣುವ ಬೊಡ್ಡೆಯಿಂದ ಅಪಾಯವಿಲ್ಲ, ಅರ್ಧ ಅಡಿ ಕೆಳಗೆ ಅಡಗಿ ಕೂತದ್ದರಿಂದಲೇ ಅಪಾಯ. ಓಡುವ ದೋಣಿಯ ತಳ, ಎಂಜಿನ್ನಿನ ಕೆಳಭಾಗ ಅಲ್ಲಿ ಹೋಗುತ್ತದೆ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು. ಆಗ ಕಟ್ಟಿ ನಿಲ್ಲಿಸಿದ ದೋಣಿ ಕಟ್ಟಿದಲ್ಲೇ ಮುಳುಗುತ್ತದೆ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಜನರನ್ನು ದಾಟಿಸುತ್ತಿದ್ದ ಲಾಂಚಿನ ಮಾತು ಕಡಿಮೆಯಾಗಿರಬಹುದು. ಹೋಮ್‌ಸ್ಟೇ, ಮೀನುಗಾರಿಕೆ, ಜಲಕ್ರೀಡೆಯ ದೋಣಿಗಳು ಇದ್ದೇ ಇವೆ, ಇನ್ಶೂರೆನ್ಸ್ ಹಣಕ್ಕಾಗಿ ಅವುಗಳ ಮಾಲೀಕರು ಅಲೆಯುವುದೂ ನಡೆದೇ ಇದೆ.

ಅಲೆದಾಟದ ಮೂಲ ಹೆಚ್ಚಿನ ಸಲ ಒಂದೇ. ಮಾಲೀಕರು ನಷ್ಟ ತೋರಿಸುತ್ತಾರೆ, ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಕಾರಣ ಹುಡುಕುತ್ತಾರೆ. ತಳದಲ್ಲಿ ತೂತು ಬಿದ್ದಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದು ಹೊರಗಿನ ಹೊಡೆತದಿಂದ ಇದ್ದಕ್ಕಿದ್ದಂತೆ ಆಯಿತೋ, ವರ್ಷಗಳ ಸವೆತದಿಂದಲೋ, ಮಾಲೀಕರ ಅಜಾಗ್ರತೆಯಿಂದಲೋ ಎಂಬುದರ ಮೇಲೆ ಕ್ಲೇಮು ನಿಂತಿರುತ್ತದೆ. ಸಹಜ ಸವೆತಕ್ಕೆ ವಿಮೆ ಇಲ್ಲ, 1963ರ ಸಾಗರ ವಿಮಾ (ಮರೈನ್ ಇನ್ಶೂರೆನ್ಸ್) ಕಾಯ್ದೆಯ 55ನೇ ಸೆಕ್ಷನ್ ಅದನ್ನು ಬಿಡಿಸಿ ಹೇಳುತ್ತದೆ, ದೋಣಿ ಪಾಲಿಸಿಗಳೂ ಅದೇ ಜಾಡಿನಲ್ಲಿವೆ. ಹಾಗಾಗಿ ಕಾರಣದ ಸಾಕ್ಷಿಯನ್ನು ಮೊದಲ ದಿನವೇ ಕೂಡಿಡಬೇಕು. ಹತ್ತು ದಿನದ ಮೇಲೆ ಅದು ಸಿಗುವುದಿಲ್ಲ, ನಮ್ಮ ಕಡೆಯಂತೂ ಮಳೆಯೇ ತೊಳೆದುಬಿಡುತ್ತದೆ.

ಅದಕ್ಕೂ ಮೊದಲು ಕೈಯಲ್ಲಿರುವ ಪಾಲಿಸಿ ಯಾವುದು ಎಂದು ನೋಡಿಕೊಳ್ಳಿ. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳಿಗೆ ವಿಮೆ ಕಡ್ಡಾಯ ಮಾಡಿದೆ ನಿಜ. ಆದರೆ ಆ ಕಡ್ಡಾಯ ವಿಮೆ ಸಾವು-ನೋವು, ಬೇರೆಯವರ ಆಸ್ತಿಗಾಗುವ ಹಾನಿಯಂಥ ಹೊಣೆಗೆ ಸಂಬಂಧಿಸಿದ್ದು. ನಿಮ್ಮ ದೋಣಿಯ ಒಡಲಿಗೆ ಬೇರೆಯಾಗಿ 'ಹಲ್' ವಿಮೆ ಬೇಕು. ಮೀನುಗಾರರಿಗೆ ಮತ್ಸ್ಯಸಂಪದ ಯೋಜನೆಯಡಿ ಸಿಗುವ ಗುಂಪು ಅಪಘಾತ ವಿಮೆ ಮನುಷ್ಯರ ಜೀವಕ್ಕೆ, ದೋಣಿಗಲ್ಲ. ಹಲ್ ವಿಮೆಯಲ್ಲೂ 'ಟೋಟಲ್ ಲಾಸ್ ಓನ್ಲಿ' ಎಂದಿದ್ದರೆ ರಿಪೇರಿಗೆ ಒಂದು ಪೈಸೆಯೂ ಬರುವುದಿಲ್ಲ, ದೋಣಿ ಪೂರ್ತಿ ಹೋದರೆ ಮಾತ್ರ. ಪ್ರೀಮಿಯಂ ಕಡಿಮೆ ಎಂದು ಏಜೆಂಟರು ಇದನ್ನೇ ಮಾಡಿಕೊಟ್ಟಿರುತ್ತಾರೆ. ಇನ್ನು ಷರತ್ತುಗಳು: ಯಾವ ನೀರಿನಲ್ಲಿ ಓಡಿಸಬೇಕು, ಸ್ವಂತಕ್ಕೋ ಬಾಡಿಗೆಗೋ, ಎಷ್ಟು ಜನ, ಚಾಲಕನ ಬಳಿ ಯಾವ ಪ್ರಮಾಣಪತ್ರ, ಮಳೆಗಾಲದಲ್ಲಿ ದಡಕ್ಕೆ ಎಳೆದಿಡಬೇಕೇ. ಶರಾವತಿ ಹಿನ್ನೀರು ಎಂದು ಬರೆಸಿದ ದೋಣಿಯನ್ನು ಟ್ರೈಲರ್ ಮೇಲೆ ಲಕ್ಕವಳ್ಳಿಗೆ ಒಯ್ದು ಭದ್ರಾದಲ್ಲಿ ಓಡಿಸಿದರೆ, ಸ್ವಂತ ಬಳಕೆ ಎಂದು ಬರೆಸಿ ಹೋಮ್‌ಸ್ಟೇ ಅತಿಥಿಗಳನ್ನು ಕೂರಿಸಿದರೆ, ಸರ್ವೇಯರ್ ದೋಣಿ ನೋಡುವ ಮೊದಲೇ ಕ್ಲೇಮು ಮುಗಿದಿರುತ್ತದೆ.

ಈಗ ಮೊದಲ ದಿನದ ಕೆಲಸ. ಜನರನ್ನು ದಡ ಸೇರಿಸಿದ ಮೇಲೆ ಬ್ಯಾಟರಿ ವೈರ್ ಬಿಚ್ಚಿ, ಪೆಟ್ರೋಲ್ ಸೋರದಂತೆ ಟ್ಯಾಂಕ್ ಮುಚ್ಚಿ. ಆಮೇಲೆ ದೋಣಿಯನ್ನು ಅಲುಗಿಸುವ ಮುಂಚೆ ಫೋಟೊ. ದೋಣಿ ಪೂರ್ತಿ ಕಾಣುವಂತೆ ನಾಲ್ಕೂ ಮೂಲೆಯಿಂದ ತೆಗೆಯಿರಿ, ನೀರಿನ ಗೆರೆ ಎಲ್ಲಿದೆ ಎಂಬುದು ಕಾಣಲಿ. ಒಡೆದ ಜಾಗವನ್ನು ಅಳತೆ ಟೇಪು ಇಟ್ಟು ಹೊರಗಿನಿಂದ ಒಮ್ಮೆ, ಅದೇ ಜಾಗವನ್ನು ಒಳಗಿನಿಂದ ಒಮ್ಮೆ. ನೋಂದಣಿ ಸಂಖ್ಯೆ, ಎಂಜಿನ್ನಿನ ಸೀರಿಯಲ್ ನಂಬರಿನ ತಗಡು. ಎಲ್ಲಕ್ಕಿಂತ ಮುಖ್ಯವಾಗಿ ಹಿಂಬದಿಯ ನೀರು ಬಿಡುವ ಬಿರಡೆ ಹಾಕಿತ್ತೇ ಎಂಬುದಕ್ಕೆ ಫೋಟೊ. ಮುಳುಗಿದ ದೋಣಿಯ ವಿಷಯದಲ್ಲಿ ಸರ್ವೇಯರ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ದಡಕ್ಕೆ ಎಳೆದು, ನೀರು ಬಸಿಯಲು ಬಿರಡೆ ತೆಗೆದ ಮೇಲೆ ಫೋಟೊ ತೆಗೆದರೆ ಸಾಕ್ಷಿ ನಿಮ್ಮ ವಿರುದ್ಧವೇ ನಿಲ್ಲುತ್ತದೆ.

ಹಗ್ಗ ಹರಿದು ದೋಣಿ ಬಂಡೆಗೆ ಬಡಿದಿದ್ದರೆ ಹಗ್ಗದ ಎರಡೂ ತುದಿ ತೆಗೆದಿಡಿ. ಭಾರಕ್ಕೆ ಹರಿದ ನೈಲಾನ್ ಹಗ್ಗದ ಎಳೆಗಳು ಬೇರೆ ಬೇರೆ ಉದ್ದಕ್ಕೆ ಕಿತ್ತಿರುತ್ತವೆ, ಕೆಲವು ಕಡೆ ಬಿಸಿಗೆ ಕರಗಿ ಗಟ್ಟಿಯಾಗಿರುತ್ತವೆ. ಉಜ್ಜಿ ಉಜ್ಜಿ ಸವೆದದ್ದು ಒಂದೇ ಮಗ್ಗುಲಲ್ಲಿ ನುಣ್ಣಗೆ ನಾರು ಎದ್ದಿರುತ್ತದೆ. ಮೊದಲನೆಯದು ಗಾಳಿ-ಅಲೆಯ ಕೆಲಸ ಎಂದು ವಾದಿಸಬಹುದು, ಎರಡನೆಯದು ಸವೆತ ಎಂದು ಸರ್ವೇಯರ್ ಬರೆಯುತ್ತಾರೆ. ಮುರಿದ ಪ್ರೊಪೆಲ್ಲರ್, ತುಂಡಾದ ಪಿನ್ನು, ಫೈಬರಿನ ಚೂರು ಯಾವುದನ್ನೂ ಗುಜರಿಗೆ ಹಾಕಬೇಡಿ. ಫೈಬರ್ ಚೂರಿನ ಅಂಚು ಬಿಳಿಯಾಗಿ ಹೊಸದಾಗಿದ್ದರೆ ಅದು ಈಚಿನ ಒಡಕು. ಅಂಚಿನಲ್ಲಿ ಪಾಚಿ, ಕೊಳೆ ಕೂತಿದ್ದರೆ ಹಳೆಯದು. ಇದನ್ನು ಅನುಭವಿ ಸರ್ವೇಯರ್ ಒಂದು ನೋಟದಲ್ಲೇ ಹಿಡಿಯುತ್ತಾರೆ, ಅವರೆದುರು ಸುಳ್ಳು ಹೇಳಿ ಪ್ರಯೋಜನವಿಲ್ಲ.

ಬೊಡ್ಡೆಗೆ ಬಡಿದ ಪ್ರಕರಣದಲ್ಲಿ ಇನ್ನೊಂದು ತೊಡಕಿದೆ. ಮಳೆ ಹಿಡಿದ ಮೇಲೆ ಲಿಂಗನಮಕ್ಕಿಯಲ್ಲಿ ದಿನಕ್ಕೆ ಎರಡು ಮೂರು ಅಡಿ ನೀರು ಏರುವುದುಂಟು. ಸರ್ವೇಯರ್ ಬರುವ ಹೊತ್ತಿಗೆ ಬೊಡ್ಡೆ ಆಳದಲ್ಲಿ ಮುಳುಗಿರುತ್ತದೆ, 'ಇಲ್ಲಿ ಇಷ್ಟು ಆಳವಿದೆಯಲ್ಲ' ಎನ್ನುತ್ತಾರೆ. ಇದಕ್ಕೆ ಉತ್ತರ ನಿಮ್ಮ ಪತ್ರಿಕೆಯಲ್ಲೇ ಇದೆ. ಜಲಾಶಯದ ಅಂದಂದಿನ ಮಟ್ಟ ಅಚ್ಚಾಗುತ್ತದಲ್ಲ, ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. ಉದಾಹರಣೆಗೆ ಅಪಘಾತದ ದಿನ ಮಟ್ಟ 1760 ಅಡಿ ಇತ್ತು, ಬೊಡ್ಡೆಯ ತಲೆ ನೀರಿನಿಂದ ಒಂದು ಅಡಿ ಕೆಳಗಿತ್ತು ಎನ್ನಿ. ಅಂದರೆ ಬೊಡ್ಡೆಯ ತಲೆ 1759 ಅಡಿಯಲ್ಲಿದೆ. ಸರ್ವೇಯರ್ ಬಂದ ದಿನ ಮಟ್ಟ 1775 ಆಗಿದ್ದರೆ, ಮೊಬೈಲಿನಲ್ಲಿ ಗುರುತಿಟ್ಟ ಅದೇ ಜಾಗದಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದಾಗ 16 ಅಡಿಗೆ ಬೊಡ್ಡೆ ತಾಗಬೇಕು. ತಾಗಿದರೆ ಕಾರಣ ಸಾಬೀತಾದಂತೆ. ಮಳೆ-ಗಾಳಿಯ ಪ್ರಕರಣಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರದ ಮಳೆಮಾಪಕದ ಅಂಕಿ, ಗ್ರಾಮ ಆಡಳಿತ ಅಧಿಕಾರಿಯ ಮಹಜರು ಬಲ ಕೊಡುತ್ತವೆ. ಜೀವಹಾನಿ, ಕಳವು, ಬೇರೆಯವರ ದೋಣಿಗೆ ಡಿಕ್ಕಿ ಇದ್ದರೆ ಪೊಲೀಸ್ ದೂರು ಬೇಕೇ ಬೇಕು.

ಕಟ್ಟಿದ ದೋಣಿ ಮುಳುಗುವುದಕ್ಕೆ ಎರಡು ಸಾಮಾನ್ಯ ಕಾರಣ. ಒಂದು, ಹಗ್ಗ ಗಿಡ್ಡ. ನೀರು ಏರಿದಾಗ ದೋಣಿ ಏರಲಾಗದೆ ಮೂತಿ ಕೆಳಗೆ ಎಳೆದು ನೀರು ತುಂಬುತ್ತದೆ. ಇನ್ನೊಂದು, ಬರೀ ಮಳೆ. 100 ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ 100 ಲೀಟರ್. ಹದಿನಾರು ಅಡಿ ಉದ್ದ, ಆರಡಿ ಅಗಲದ ತೆರೆದ ದೋಣಿಯ ಬಾಯಿ ಸುಮಾರು ಏಳು ಚದರ ಮೀಟರ್, ಒಳಗೆ ಬೀಳುವುದು 700 ಲೀಟರ್. ಮಲೆನಾಡಿನಲ್ಲಿ 100 ಮಿಲಿಮೀಟರ್ ಅಪರೂಪವೇನಲ್ಲ. ಗಂಟೆಗೆ 500 ಗ್ಯಾಲನ್ ಎತ್ತುವ ಸಣ್ಣ 12 ವೋಲ್ಟ್ ಪಂಪು ಇಷ್ಟನ್ನು ಅರ್ಧ ಗಂಟೆಯಲ್ಲಿ ಹೊರಹಾಕಬಲ್ಲದು. ಆದರೆ ನೀರು ಏರಿದಾಗ ಪಂಪನ್ನು ತಾನಾಗಿ ಓಡಿಸುವ ಫ್ಲೋಟ್ ಸ್ವಿಚ್ಚಿಗೆ ಎಲೆ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಬ್ಯಾಟರಿ ಸತ್ತಿರುತ್ತದೆ. ಈ ಎರಡೂ ಪ್ರಕರಣ ಅಜಾಗ್ರತೆಯ ಪಟ್ಟಿಗೆ ಸೇರುವ ಸಂಭವ ಹೆಚ್ಚು, ಗೆಲ್ಲುವುದು ಕಷ್ಟ. ಟಾರ್ಪಾಲು ಹೊದಿಸಿದ್ದಕ್ಕೆ, ಪಂಪು ನೋಡಿಕೊಂಡಿದ್ದಕ್ಕೆ ಜೂನ್ ತಿಂಗಳಿನಿಂದಲೇ ವಾರಕ್ಕೊಂದು ಫೋಟೊ ಇದ್ದರೆ ಮಾತ್ರ ವಾದಕ್ಕೆ ನೆಲೆ.

ಮುಳುಗಿದ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತಗುಲಿಸುವ) ಎಂಜಿನ್ನಿನ ವಿಷಯದಲ್ಲಿ ಜನ ಮಾಡುವ ಅನಾಹುತ ಒಂದೇ, ಎತ್ತಿದ ತಕ್ಷಣ ಸ್ಟಾರ್ಟ್ ಮಾಡಿ ನೋಡುವುದು. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ನಷ್ಟ ಮುಳುಗಿದ್ದರಿಂದ ಆದದ್ದಲ್ಲ, ನೀವು ಮಾಡಿದ್ದು ಎಂದು ಸರ್ವೇಯರ್ ತೆಗೆದುಹಾಕುತ್ತಾರೆ, ಅದು ಸರಿಯೂ ಹೌದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ಗಿನ ತೂತು ಕೆಳಮುಖವಾಗುವಂತೆ ಎಂಜಿನ್ ಬಾಗಿಸಿ ನೀರು ಇಳಿಸಿ, ಫ್ಲೈವೀಲನ್ನು ಕೈಯಲ್ಲೇ ತಿರುಗಿಸಿ. ಹಿಡಿದುಕೊಂಡಂತೆ ಅನಿಸಿದರೆ ಅಲ್ಲಿಗೆ ನಿಲ್ಲಿಸಿ. ಸರಾಗ ತಿರುಗಿದರೆ ಸಿಲಿಂಡರಿಗೆ ಎಣ್ಣೆ ಬಿಟ್ಟು, ಫೋರ್‌ಸ್ಟ್ರೋಕ್ ಆಗಿದ್ದರೆ ಎಂಜಿನ್ ಆಯಿಲ್ ಪೂರ್ತಿ ಬದಲಿಸಿ, ಪೆಟ್ರೋಲ್ ಲೈನ್ ಖಾಲಿ ಮಾಡಿ ಮೆಕ್ಯಾನಿಕ್ಕಿಗೆ ಕೊಡಿ. ಗಾಳಿ ತಾಗಿದ ಮೇಲೆ ಬೇರಿಂಗಿಗೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ಎರಡು ಮೂರು ಗಂಟೆಯೊಳಗೆ ಬಿಚ್ಚುವವರು ಸಿಗದಿದ್ದರೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡುವುದು ಮೇಲು. ಕೇಳಿದವರು ನಗುತ್ತಾರೆ, ಆದರೆ ಸರಿಯಾದ ದಾರಿ ಅದೇ. ಸರ್ವೇಯರ್ ಬರುವವರೆಗೆ ಏನೂ ಮುಟ್ಟಬಾರದು ಎಂಬ ಮಾತು ಇಲ್ಲಿ ಸಲ್ಲದು. ನಷ್ಟ ಹೆಚ್ಚಾಗದಂತೆ ತಡೆಯುವುದು ಮಾಲೀಕರ ಕರ್ತವ್ಯ, ಸಾಗರ ವಿಮಾ ಕಾಯ್ದೆಯ 78ನೇ ಸೆಕ್ಷನ್ ಹೇಳುವುದೂ ಅದನ್ನೇ. ಫೋಟೊ ತೆಗೆದು, 'ಇನ್ನಷ್ಟು ಕೆಡದಂತೆ ಇಷ್ಟು ಕೆಲಸ ಮಾಡಿಸುತ್ತಿದ್ದೇವೆ' ಎಂದು ಕಂಪನಿಗೆ ಇಮೇಲ್ ಕಳಿಸಿ ಮುಂದುವರಿಯಿರಿ. ಎತ್ತಿದ ಕೂಲಿ, ಕ್ರೇನ್ ಬಾಡಿಗೆಯ ರಸೀದಿಯೂ ಇರಲಿ. ಜೆಸಿಬಿ ಇಳಿಸಬೇಕಾದ ದಡ ಅರಣ್ಯ ಇಲಾಖೆಯದಾದರೆ ಮೊದಲೇ ಕೇಳಿ, ಇಲ್ಲದಿದ್ದರೆ ಇನ್ನೊಂದು ಕೇಸು.

ಸುದ್ದಿ ತಿಳಿಸುವುದು ಫೋನಿನಲ್ಲಿ ಆದರೂ ಅದೇ ದಿನ ಇಮೇಲ್ ಹೋಗಲಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಕಂಪನಿ 24 ಗಂಟೆಯಲ್ಲಿ ಸರ್ವೇಯರ್ ನೇಮಿಸಬೇಕು, 15 ದಿನದಲ್ಲಿ ವರದಿ ತರಿಸಿಕೊಳ್ಳಬೇಕು, ವರದಿ ಬಂದ ಏಳು ದಿನದಲ್ಲಿ ತೀರ್ಮಾನ ಹೇಳಬೇಕು.

ಬರುವ ಸರ್ವೇಯರ್ ಯಾರು ಎಂಬುದು ನಮ್ಮ ದೊಡ್ಡ ತಕರಾರು. ಸರ್ವೇಯರ್ ಲೈಸೆನ್ಸು ವಿಭಾಗವಾರು ಇರುತ್ತದೆ. ಮೋಟಾರ್, ಅಗ್ನಿ, ಎಂಜಿನಿಯರಿಂಗ್ ಇದ್ದಂತೆ 'ಮರೈನ್ ಹಲ್' ಎಂಬುದೂ ಒಂದು ವಿಭಾಗ. ಕಾರು, ಲಾರಿ ನೋಡಿ ಅಭ್ಯಾಸವಿದ್ದವರು ಫೈಬರ್ ದೋಣಿಯನ್ನು ಬಂಪರ್ ನೋಡಿದ ಹಾಗೆ ನೋಡಿ ಹೋಗುತ್ತಾರೆ. ಲೈಸೆನ್ಸ್ ನಂಬರ್, ವಿಭಾಗ ಕೇಳುವುದು ಒರಟುತನವಲ್ಲ. ಹಲ್ ವಿಭಾಗ ಇಲ್ಲದಿದ್ದರೆ ಇರುವವರನ್ನು ಕಳಿಸಿ ಎಂದು ಕಂಪನಿಗೆ ಬರೆಯಿರಿ. ಅವರ ಶುಲ್ಕ ಕೊಡುವುದು ಕಂಪನಿ. ನಿಮ್ಮಿಂದ ಒಂದು ಕಾಫಿ ಸಾಕು. ಕ್ಲೇಮು ಕೊಡುವ, ತಿರಸ್ಕರಿಸುವ ಅಧಿಕಾರವೂ ಅವರಿಗಿಲ್ಲ. 'ಇದು ಆಗಲ್ಲ ಬಿಡಿ' ಎಂದು ದಡದ ಮೇಲೆ ನಿಂತು ಹೇಳಿದರೆ ಅದನ್ನು ತೀರ್ಮಾನ ಎಂದುಕೊಳ್ಳಬೇಡಿ.

ಫೈಬರ್ ರಿಪೇರಿಯ ಲೆಕ್ಕದಲ್ಲೇ ಹೆಚ್ಚು ಹಣ ಸೋರುವುದು. ಸರ್ವೇಯರ್ ತೂತು ಅಳೆಯುತ್ತಾರೆ, 30 ಸೆಂಟಿಮೀಟರ್ ಎಂದು ಬರೆಯುತ್ತಾರೆ. ಕೆಲಸ ಅಷ್ಟಕ್ಕೆ ಮುಗಿಯದು. ತಳದ ದಪ್ಪ 6 ಮಿಲಿಮೀಟರ್ ಇದ್ದರೆ ಹೊಸ ಗಾಜುನಾರಿನ ಮ್ಯಾಟ್ ಹಿಡಿಯಲು ಸುತ್ತಲೂ ದಪ್ಪದ ಹನ್ನೆರಡು ಪಟ್ಟು, ಅಂದರೆ 72 ಮಿಲಿಮೀಟರ್ ಇಳಿಜಾರಾಗಿ ಗ್ರೈಂಡ್ ಮಾಡಬೇಕು. 30 ಸೆಂಟಿಮೀಟರಿನ ತೂತು 44 ಸೆಂಟಿಮೀಟರಿನ ಕೆಲಸವಾಗುತ್ತದೆ. ಅದೂ ಪದರ ಬಿಟ್ಟಿಲ್ಲದಿದ್ದರೆ. ತೂತಿನ ಅಂಚಿನಿಂದ ಹೊರಕ್ಕೆ ನಾಣ್ಯದಲ್ಲೋ ಸಣ್ಣ ಸುತ್ತಿಗೆಯಲ್ಲೋ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಬೊದ್ದು ಸದ್ದು. ಬೊದ್ದು ಸದ್ದಿನ ಗಡಿಯನ್ನು ಮಾರ್ಕರ್ ಪೆನ್ನಿನಲ್ಲಿ ಸರ್ವೇಯರ್ ಎದುರೇ ಎಳೆದು ಫೋಟೊ ತೆಗೆಯಿರಿ. ಎಂಜಿನ್ ಕೂರುವ ಹಿಂಬದಿ ಹಲಗೆಯ ಮೇಲೂ ತಟ್ಟಿ. ಅದರ ಒಳಗೆ ಪ್ಲೈವುಡ್ ಇರುತ್ತದೆ, ಬೊಡ್ಡೆಯ ಹೊಡೆತ ಎಂಜಿನ್ ಮೂಲಕ ಅಲ್ಲಿಗೇ ಬಂದಿರುತ್ತದೆ. ಒಳಗಿನ ಪ್ಲೈವುಡ್ ಮೊದಲೇ ಕೊಳೆತಿದ್ದರೆ ಅದು ಸವೆತವೇ, ಅದನ್ನು ಸೇರಿಸಲು ಹೋಗಿ ಉಳಿದ ಕ್ಲೇಮನ್ನು ಕೆಡಿಸಿಕೊಳ್ಳಬೇಡಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ, 6 ಮಿಲಿಮೀಟರಿಗೆ ಆರು ಪದರ. ಇಷ್ಟು ಜಾಗಕ್ಕೆ ಮ್ಯಾಟ್ ಅರ್ಧ ಕೆ.ಜಿ.ಯೂ ಬೇಡ, ಅದನ್ನು ಅಂಟಿಸಿ ಗಟ್ಟಿಯಾಗಿಸುವ ರೆಸಿನ್ ಒಂದು ಕೆ.ಜಿ. ಆಸುಪಾಸು. ಸಾಮಗ್ರಿ ಪಟ್ಟಿ ಮಾತ್ರ ನೋಡಿದವರಿಗೆ ರಿಪೇರಿ ಬಿಲ್ಲು ಮೋಸ ಎನಿಸುವುದು ಇದಕ್ಕೇ. ಖರ್ಚೆಲ್ಲ ಕೂಲಿಯಲ್ಲಿದೆ: ನೆಲಹಲಗೆ ಬಿಚ್ಚುವುದು, ಗ್ರೈಂಡಿಂಗ್, ಒಳಗಿನಿಂದ ಪದರ ಕೂರಿಸುವುದು, ಹೊರಮೈಯ ಜೆಲ್‌ಕೋಟ್ ಪದರದ ಬಣ್ಣ ಹೊಂದಿಸುವುದು. ನಮ್ಮ ಕಡೆ ಇನ್ನೊಂದು ಖರ್ಚೂ ಇದೆ, ಒಣಗಿಸುವುದು. ನೀರು ಹೀರಿದ ಫೈಬರಿನ ಮೇಲೆ ರೆಸಿನ್ ಹಿಡಿಯುವುದಿಲ್ಲ, ಹಾಕಿದ ಪ್ಯಾಚ್ ಮುಂದಿನ ವರ್ಷ ಸಿಪ್ಪೆಯಂತೆ ಏಳುತ್ತದೆ. ಜುಲೈ ತಿಂಗಳಲ್ಲಿ ಹೊಸನಗರ, ಸಾಗರದಲ್ಲಿ ದೋಣಿ ತಾನಾಗಿ ಒಣಗುವುದೆಂದರೆ ಕನಸು. ಮುಚ್ಚಿದ ಶೆಡ್ಡು, ಹ್ಯಾಲೊಜನ್ ದೀಪ ಅಥವಾ ಹೀಟರ್, ದಿನಗಟ್ಟಲೆ ಕರೆಂಟು ಬೇಕು. ಎಸ್ಟಿಮೇಟಿನಲ್ಲಿ 'ಒಣಗಿಸುವಿಕೆ ಮತ್ತು ಶೆಡ್ ಬಾಡಿಗೆ' ಎಂದು ಪ್ರತ್ಯೇಕ ಸಾಲು ಹಾಕಿಸಿ. ಒಟ್ಟು ಮೊತ್ತದಲ್ಲಿ ಸೇರಿಸಿದರೆ ಅದನ್ನೇ ಮೊದಲು ಕಡಿಯುತ್ತಾರೆ. ನೆಲಹಲಗೆಯ ಕೆಳಗಿನ ತೇಲು ಫೋಮ್ ನೀರು ಕುಡಿದಿದೆಯೇ ಎಂಬುದು ಒಂದು ಇಂಚಿನ ತೂತು ಕೊರೆದಾಗಲೇ ಗೊತ್ತಾಗುವುದು. ಅದಕ್ಕೇ ಎಸ್ಟಿಮೇಟಿನ ಕೊನೆಗೆ 'ಬಿಚ್ಚಿದ ಮೇಲೆ ಕಾಣುವ ಹಾನಿಗೆ ಮರುಪರಿಶೀಲನೆ' ಎಂಬ ಮಾತು ಇರಲೇಬೇಕು, ಬಿಚ್ಚಿದ ದಿನ ಸರ್ವೇಯರ್‌ಗೆ ತಿಳಿಸಿ, ಅವರು ನೋಡಿದ ಮೇಲೆಯೇ ಮುಚ್ಚಿ.

ಎಂಜಿನ್ನಿನ ಕೆಳಭಾಗಕ್ಕೂ ಇದೇ ನ್ಯಾಯ. ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನ ತಿರುಗಿಸಿ ತುದಿ ಓಲಾಡುತ್ತದೆಯೇ ನೋಡಿ, ಓಲಾಡಿದರೆ ಶಾಫ್ಟ್ ಬಾಗಿದೆಯೇ ಎಂದು ಅಳೆಸಬೇಕು. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಕೇಸಿಂಗ್ ಬಿರುಕಿನಿಂದ ಸೇರಿದ್ದರೆ ಅಪಘಾತ, ಹಳೆ ಸೀಲಿನಿಂದಾದರೆ ಸವೆತ.

ವರದಿಯ ಅಸೆಸ್‌ಮೆಂಟ್ ಹಾಳೆಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅದರಲ್ಲಿ ಒಟ್ಟು ಖರ್ಚು, ಹಳೆಯದಕ್ಕೆ ಹೊಸ ಭಾಗ ಹಾಕಿದ್ದಕ್ಕೆ ಸವಕಳಿ, ಗುಜರಿ ಬೆಲೆ, ಎಕ್ಸೆಸ್ (ಪ್ರತಿ ಕ್ಲೇಮಿನಲ್ಲಿ ಮಾಲೀಕರೇ ಹೊರಬೇಕಾದ ಮೊತ್ತ) ಎಂಬ ಕಡಿತಗಳಿರುತ್ತವೆ. ಕೂಲಿಯ ಮೇಲೂ ಸವಕಳಿ ಹಾಕಿದ್ದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಕೇಳಿ. ಎಂಟು ಲಕ್ಷದ ದೋಣಿಗೆ ನಾಲ್ಕು ಲಕ್ಷದ ವಿಮೆ ಮಾಡಿಸಿದ್ದರೆ ಎರಡು ಲಕ್ಷದ ನಷ್ಟಕ್ಕೆ ಒಂದೇ ಲಕ್ಷ ಬರುತ್ತದೆ, ಇದು ಸರ್ವೇಯರ್ ಮಾಡಿದ ಅನ್ಯಾಯವಲ್ಲ. ಪಾಲಿಸಿಯಲ್ಲಿ 'ಒಪ್ಪಿತ ಮೌಲ್ಯ' ಎಂದಿದ್ದರೆ ಮಾತ್ರ ಆ ಮೌಲ್ಯವನ್ನು ಆಮೇಲೆ ಪ್ರಶ್ನಿಸಿ ಕಡಿತ ಮಾಡಲಾಗದು. ರಿಪೇರಿ ಖರ್ಚು ದೋಣಿಯ ಮೌಲ್ಯವನ್ನೇ ಮೀರುವಂತಿದ್ದರೆ ಪೂರ್ಣ ನಷ್ಟವೆಂದು ಪರಿಗಣಿಸಿ ಎಂದು ಸಾಗರ ವಿಮಾ ಕಾಯ್ದೆಯ 60 ಮತ್ತು 62ನೇ ಸೆಕ್ಷನ್ನಿನಂತೆ ಕಂಪನಿಗೆ ಬೇಗನೆ ನೋಟಿಸ್ ಕೊಡಬೇಕು. ತಡ ಮಾಡಿದರೆ ಭಾಗಶಃ ನಷ್ಟವೆಂದೇ ಲೆಕ್ಕವಾಗುತ್ತದೆ. ಅದು ಇತ್ಯರ್ಥವಾಗುವ ಮುಂಚೆ ಮುರಿದ ದೋಣಿಯನ್ನು ಮಾರಬಾರದು.

ವರದಿ ಒಪ್ಪಿಗೆಯಾಗದಿದ್ದರೆ ಸಾಲು ಸಾಲಾಗಿ ಆಕ್ಷೇಪ ಬರೆಯಿರಿ. ಬೈಗುಳ ಬೇಡ, ಅಳತೆ ಬರೆಯಿರಿ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. 'ಪೂರ್ಣ ಮತ್ತು ಅಂತಿಮ' ಎಂಬ ವೋಚರಿಗೆ ಸಹಿ ಕೇಳಿದರೆ ಮೊದಲು ಆಕ್ಷೇಪವನ್ನು ಇಮೇಲ್ ಮಾಡಿ. ಬಲವಂತ, ವಂಚನೆಯಿಂದ ಪಡೆದ ಸಹಿ ಹಕ್ಕನ್ನು ಕಳೆಯುವುದಿಲ್ಲ ಎಂದು 1999ರಲ್ಲೇ ತೀರ್ಪಿದೆ, ಆದರೆ ಬಲವಂತವನ್ನು ತೋರಿಸಿಕೊಡುವ ಭಾರ ಸಹಿ ಮಾಡಿದವರ ಮೇಲೇ.

ಮುಂದಿನ ದಾರಿಯಲ್ಲಿ ಕ್ರಮ ತಪ್ಪಬಾರದು. ಮೊದಲು ಕಂಪನಿಯ ದೂರು ಅಧಿಕಾರಿ, ಜೊತೆಗೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಹಿಡಿಸದಿದ್ದರೆ ವಿಮೆಯ ದೂರು ಕೇಳಿ ಆದೇಶ ಕೊಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಅಲ್ಲಿಗೆ ವಕೀಲರು ಬೇಡ, ಶುಲ್ಕವಿಲ್ಲ, 50 ಲಕ್ಷದವರೆಗೆ ಆದೇಶ ಮಾಡಬಹುದು, ಕಂಪನಿಯ ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ವ್ಯಕ್ತಿಗಳು, ಒಬ್ಬರೇ ಮಾಲೀಕರಿರುವ ಸಂಸ್ಥೆಗಳು, ಅತಿಸಣ್ಣ ಉದ್ದಿಮೆಗಳು ಹೋಗಬಹುದು. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಅವಧಿಯಿದೆ. ಆಯೋಗದಲ್ಲಿ ಕೇಸು ಹಾಕಿದ ಮೇಲೆ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಬಳಿ ಹೋಗುವಂತಿಲ್ಲ. ಓಂಬುಡ್ಸ್‌ಮನ್ ಆದೇಶ ಒಪ್ಪಿಗೆಯಾಗದಿದ್ದರೆ ಆಯೋಗದ ಬಾಗಿಲು ತೆರೆದೇ ಇರುತ್ತದೆ.

ಕಂಪನಿಗಳಿಂದ ನಾವು ಕೇಳುವುದು ಇಷ್ಟೇ: ಶಿವಮೊಗ್ಗ ಜಿಲ್ಲೆಯ ದೋಣಿ ಕ್ಲೇಮಿಗೆ ಹಲ್ ವಿಭಾಗದ ಸರ್ವೇಯರನ್ನು ಕರಾವಳಿಯಿಂದಲಾದರೂ ಕಳಿಸಿ. ಮಂಗಳೂರು, ಕಾರವಾರದ ಕಡೆ ಫೈಬರ್ ದೋಣಿ ನೋಡಿ ಪಳಗಿದ ಕಣ್ಣುಗಳಿವೆ, ಘಟ್ಟ ಹತ್ತಿ ಬರಲು ಒಂದು ದಿನ ಸಾಕು.

ಇಂತಿ,
ಫೈಬರ್ ದೋಣಿ ದುರಸ್ತಿ ಕೆಲಸದವರು, ಸಾಗರ ತಾಲ್ಲೂಕು